ದೂರದ ಗಣಕಯಂತ್ರ ತೆರೆಯದಿದ್ದರೆ ದೋಷ ಎಲ್ಲಿದೆ?

ಹುಲಕೋಟಿ: ಮಾರ್ಚ್ ತಿಂಗಳ ಕೊನೆಯ ವಾರ. ಹುಬ್ಬಳ್ಳಿಯ ದಲಾಲಿ ಅಂಗಡಿಯೊಂದರ ಗುಮಾಸ್ತರು ಹುಲಕೋಟಿಯ ತಮ್ಮ ಮನೆಯಲ್ಲಿ ಕುಳಿತು, ಅಂಗಡಿಯ ಗಣಕಯಂತ್ರದಲ್ಲಿರುವ ವರ್ಷಾಂತ್ಯದ ಲೆಕ್ಕವನ್ನು ತೆರೆಯಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ನಿನ್ನೆಯವರೆಗೂ ತೆರೆದುಕೊಳ್ಳುತ್ತಿದ್ದ ಪರದೆ ಇಂದು ತೆರೆಯುತ್ತಿಲ್ಲ. ಬದಲಿಗೆ ಒಂದು ಸಂದೇಶ ಬರುತ್ತಿದೆ: ದೂರದ ಯಂತ್ರದಲ್ಲಿ ಅನುಮತಿ ನೀಡಿಲ್ಲ, ಇಲ್ಲವೇ ಆ ಯಂತ್ರ ಬಂದ್ ಆಗಿದೆ, ಇಲ್ಲವೇ ಅದು ಜಾಲದಲ್ಲಿ ಸಿಗುತ್ತಿಲ್ಲ. ಮೂರು ಕಾರಣಗಳನ್ನು ಒಟ್ಟಿಗೆ ಹೇಳಿ, ಯಾವುದು ನಿಜವೆಂದು ಹೇಳದೆ ಕೈತೊಳೆದುಕೊಳ್ಳುವ ಸಂದೇಶವಿದು. ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಹೋಗಿ ನೋಡಿಬರೋಣವೆಂದರೆ ರಾತ್ರಿ ಹತ್ತು ಗಂಟೆಯಾಗಿದೆ.

ಇಂಥ ಪೇಚು ಈಗ ನಗರದವರಿಗಷ್ಟೇ ಸೀಮಿತವಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ನೋಂದಣಿಯಾದದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಹಕಾರಿ ನೂಲಿನ ಗಿರಣಿಯಿಂದ ಹಿಡಿದು ಹಲವು ಸಂಸ್ಥೆಗಳನ್ನು ಕಂಡ ಹುಲಕೋಟಿಯೂ ಅದೇ ಪರಂಪರೆಯ ಊರು. ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿದ್ದ ಸಂಘಗಳ ಲೆಕ್ಕ ಈಗ ಗಣಕಯಂತ್ರಕ್ಕೆ ಏರುತ್ತಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಲೆಕ್ಕ ಯಂತ್ರಕ್ಕೆ ಬಂದ ಮೇಲೆ ರಿಪೇರಿಯೂ ದೂರದಿಂದಲೇ ನಡೆಯುವುದು ಸಹಜ. ಆ ಪರದೆಯ ಹಿಂದೆ ಇರುವುದು ರೈತರ ಸಾಲ ಮತ್ತು ಠೇವಣಿಯ ಲೆಕ್ಕ. ಆದ್ದರಿಂದ ಸಂಪರ್ಕ ಕೆಟ್ಟಾಗ ಅದನ್ನು ಹೇಗೆ ಸರಿಪಡಿಸಬೇಕು ಎನ್ನುವಷ್ಟೇ, ಹೇಗೆ ಸರಿಪಡಿಸಬಾರದು ಎನ್ನುವುದೂ ಮುಖ್ಯ.

ದಾರಿಯೋ, ಬೀಗವೋ?

ಮೈಕ್ರೋಸಾಫ್ಟ್ ಸಂಸ್ಥೆಯ ‘ರಿಮೋಟ್ ಡೆಸ್ಕ್‌ಟಾಪ್’ ವ್ಯವಸ್ಥೆ 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಬಂದಿತು. 2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್ ಅದನ್ನು ಸಾಮಾನ್ಯ ಮೇಜಿನ ಯಂತ್ರಕ್ಕೆ ತಂದಿತು. ಕೆಲಸ ನಡೆಯುವುದೆಲ್ಲ ದೂರದ ಯಂತ್ರದಲ್ಲಿ. ಪರದೆಯ ಚಿತ್ರ ಮಾತ್ರ ಇತ್ತ ಬರುತ್ತದೆ, ಕೀಲಿಮಣೆ ಮತ್ತು ಮೌಸಿನ ಚಲನೆ ಅತ್ತ ಹೋಗುತ್ತದೆ. ಈ ಓಡಾಟಕ್ಕೆ 3389 ಎಂಬ ಸಂಖ್ಯೆಯ ದ್ವಾರ, ತಂತ್ರಜ್ಞರ ಮಾತಿನಲ್ಲಿ ‘ಪೋರ್ಟ್’, ಗೊತ್ತುಮಾಡಲಾಗಿದೆ.

ಹೀಗಾಗಿ ದೋಷ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಆ ದ್ವಾರದವರೆಗೆ ತಲುಪುತ್ತಿದ್ದೇವೆಯೋ ಇಲ್ಲವೋ? ಸಾಮಾನ್ಯವಾಗಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುವ ಚೌಕ ಬಂದರೆ ದಾರಿ ಸರಿಯಾಗಿದೆ, ತೊಡಕು ಬೀಗದಲ್ಲಿದೆ ಎಂದರ್ಥ. ಚೌಕವೇ ಬಾರದೆ ಮೇಲಿನ ಮೂರು ಕಾರಣಗಳ ಸಂದೇಶ ಬಂದರೆ ದಾರಿಯನ್ನು ನೋಡಬೇಕು. ಖಚಿತವಾಗಿ ತಿಳಿಯಬೇಕೆಂದರೆ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶಕ್ಕೆ ದೂರದ ಯಂತ್ರದ ವಿಳಾಸ ಮತ್ತು 3389 ಸಂಖ್ಯೆಯನ್ನು ಕೊಟ್ಟು ಪರೀಕ್ಷಿಸಬಹುದು. ಅನೇಕರು ‘ಪಿಂಗ್’ ಮಾಡಿ ಉತ್ತರ ಬರಲಿಲ್ಲವೆಂದು ಯಂತ್ರ ಸತ್ತಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅದು ತಪ್ಪು. ಪಿಂಗ್‌ಗೆ ಉತ್ತರಿಸದಂತೆ ತಡೆದಿರುವ ಯಂತ್ರಗಳು ಬೇಕಾದಷ್ಟಿವೆ.

ಮೊದಲು ಕರೆಂಟು

ದಾರಿಯ ದೋಷಗಳಲ್ಲಿ ಅತ್ಯಂತ ಸರಳವಾದದ್ದನ್ನೇ ಜನ ಕೊನೆಗೆ ನೋಡುತ್ತಾರೆ. ದೂರದ ಯಂತ್ರಕ್ಕೆ ಜೀವ ಇದೆಯೇ? ಮಧ್ಯಾಹ್ನ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಮುಗಿದು, ಮತ್ತೆ ಕರೆಂಟು ಬಂದರೂ ಗಣಕಯಂತ್ರ ತಾನಾಗಿ ಏಳುವುದಿಲ್ಲ. ಯಾರಾದರೂ ಗುಂಡಿ ಒತ್ತಬೇಕು. ಇದಕ್ಕೆ ಪರಿಹಾರ ವಿಂಡೋಸ್‌ನಲ್ಲಿಲ್ಲ. ಯಂತ್ರ ಶುರುವಾಗುವ ಮುನ್ನ ತೆರೆಯುವ ‘ಬಯೋಸ್’ ಪುಟದಲ್ಲಿದೆ. ವಿದ್ಯುತ್ ಮರಳಿದೊಡನೆ ಯಂತ್ರ ಚಾಲೂ ಆಗಬೇಕೆಂಬ ಆಯ್ಕೆ ಮೇಜಿನ ಮೇಲಿನ ಬಹುತೇಕ ಗಣಕಯಂತ್ರಗಳಲ್ಲಿ ಇರುತ್ತದೆ. ಒಮ್ಮೆ ಹಾಕಿದರೆ ಸಾಕು. ಯಂತ್ರದ ಜೊತೆಗೆ ಅಂತರ್ಜಾಲದ ರೂಟರ್‌ಗೂ ಯುಪಿಎಸ್ ಆಸರೆ ಬೇಕೆನ್ನುವುದನ್ನು ಮರೆಯುವವರೇ ಹೆಚ್ಚು.

ಇನ್ನೊಂದು ನಿದ್ರೆ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಯಂತ್ರ ‘ಸ್ಲೀಪ್’ ಸ್ಥಿತಿಗೆ ಜಾರುತ್ತದೆ, ಆಗ ದೂರದ ಕರೆಗೆ ಓಗೊಡುವುದಿಲ್ಲ. ದೂರದಿಂದ ಬಳಸುವ ಯಂತ್ರದಲ್ಲಿ ಪರದೆ ಆರಿದರೂ ಚಿಂತೆಯಿಲ್ಲ, ನಿದ್ರೆಯನ್ನು ಮಾತ್ರ ‘ನೆವರ್’ ಎಂದು ಇಡಬೇಕು.

ಯಂತ್ರ ಎಚ್ಚರವಾಗಿದ್ದರೆ ಮುಂದಿನ ಪ್ರಶ್ನೆ ವಿಂಡೋಸ್‌ನ ಆವೃತ್ತಿಯದು. ಹೋಮ್ ಆವೃತ್ತಿ ಬೇರೆ ಯಂತ್ರವನ್ನು ತೆರೆಯಬಲ್ಲದು, ಆದರೆ ತನ್ನನ್ನು ಬೇರೆಯವರು ತೆರೆಯಲು ಬಿಡುವುದಿಲ್ಲ. ಅದಕ್ಕೆ ಪ್ರೊ ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಬೇಕು. ಅಂಗಡಿಯಿಂದ ತಂದ ಹೊಸ ಲ್ಯಾಪ್‌ಟಾಪ್‌ನಲ್ಲಿ ಹೆಚ್ಚಾಗಿ ಹೋಮ್ ಇರುವುದರಿಂದ, ಹಳೆಯ ಯಂತ್ರ ಬದಲಿಸಿದ ಮರುದಿನವೇ ‘ಸಂಪರ್ಕ ಕೆಟ್ಟಿತು’ ಎಂಬ ದೂರು ಏಳುತ್ತದೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಪ್ರೊ ಇದ್ದರೂ ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆಯ್ಕೆಯನ್ನು ಚಾಲೂ ಮಾಡಬೇಕು. ಆಗ ವಿಂಡೋಸ್‌ನ ಫೈರ್‌ವಾಲ್ ತಾನೇ ದಾರಿ ಬಿಡುತ್ತದೆ. ಬೇರೆ ಕಂಪನಿಯ ಆ್ಯಂಟಿವೈರಸ್ ತನ್ನದೇ ತಡೆಗೋಡೆ ಹಾಕಿದ್ದರೆ ಅಲ್ಲಿಯೂ ಅನುಮತಿ ಕೊಡಬೇಕಾಗುತ್ತದೆ.

ಮನೆ ನಂಬರ್ ಬದಲಾದಾಗ

ಒಂದೇ ಕಚೇರಿಯೊಳಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಯ ಯಂತ್ರ ತೆರೆಯುವವರಿಗೆ ಬರುವ ಸಾಮಾನ್ಯ ತೊಡಕು ವಿಳಾಸದ್ದು. ರೂಟರ್ ಪ್ರತಿ ಯಂತ್ರಕ್ಕೂ 192.168ರಿಂದ ಆರಂಭವಾಗುವಂಥ ಒಂದು ಐಪಿ ವಿಳಾಸ ಕೊಡುತ್ತದೆ. ಆ ವಿಳಾಸ ಕಾಯಂ ಅಲ್ಲ. ರೂಟರ್ ಒಮ್ಮೆ ಬಂದ್ ಆಗಿ ಚಾಲೂ ಆದರೆ ನಿನ್ನೆಯ ವಿಳಾಸ ಇಂದು ಪ್ರಿಂಟರ್‌ಗೆ ಸಿಕ್ಕಿರಬಹುದು. ಯಂತ್ರದ ಹೆಸರಿನಿಂದಲೇ ಕರೆಯುವುದು, ಇಲ್ಲವೇ ರೂಟರ್‌ನಲ್ಲಿ ಆ ಯಂತ್ರಕ್ಕೆ ಒಂದು ವಿಳಾಸವನ್ನು ಕಾದಿರಿಸುವುದು ಇದಕ್ಕೆ ಮದ್ದು.

ಊರು ದಾಟಿ ಹೋಗುವಾಗ ಸಮಸ್ಯೆ ಬೇರೆಯೇ. ಈ 192.168ರ ವಿಳಾಸಕ್ಕೆ ಕಚೇರಿಯ ಹೊಸ್ತಿಲಾಚೆ ಅರ್ಥವಿಲ್ಲ. ಹೊರಗಿನವರಿಗೆ ಕಾಣುವುದು ಅಂತರ್ಜಾಲ ಕಂಪನಿ ಕೊಟ್ಟ ಸಾರ್ವಜನಿಕ ವಿಳಾಸ. ವಿಳಾಸಗಳ ಅಭಾವದಿಂದಾಗಿ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುವುದುಂಟು. ವಠಾರದ ಒಂದೇ ತಲೆಬಾಗಿಲಿನ ಹಿಂದೆ ಹಲವು ಮನೆಗಳಿದ್ದಂತೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರಿಗೆ ಯಾವ ಮನೆ ಎಂದು ಗೊತ್ತಾಗದು. ರೂಟರ್‌ನ ಪುಟದಲ್ಲಿ ಕಾಣುವ ಹೊರವಿಳಾಸ 100.64ರಿಂದ 100.127ರೊಳಗೆ ಆರಂಭವಾಗುತ್ತಿದ್ದರೆ ಆ ಸಂಪರ್ಕ ಇಂಥ ವಠಾರದಲ್ಲಿದೆ ಎಂದು ತಿಳಿಯಬೇಕು. ಆಗ ರೂಟರ್‌ನಲ್ಲಿ ಏನೇ ತಿರುವಿದರೂ ಹೊರಗಿನಿಂದ ನೇರವಾಗಿ ಒಳಬರಲಾಗದು. ದಿನಗಟ್ಟಲೆ ಇದರ ಹಿಂದೆ ಬಿದ್ದು ಕಾಲ ಕಳೆದವರಿದ್ದಾರೆ.

ಎನಿಡೆಸ್ಕ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಮೊದಲಾದವು ಇಂಥಲ್ಲಿಯೂ ಏಕೆ ನಡೆಯುತ್ತವೆ? ಅಲ್ಲಿ ಎರಡೂ ಯಂತ್ರಗಳು ಒಳಗಿನಿಂದ ಹೊರಗೆ ಹೋಗಿ, ನಡುವಿನ ಒಂದು ಸರ್ವರ್‌ನ ನೆರವಿನಿಂದ ಭೇಟಿಯಾಗುತ್ತವೆ. ಯಾರೂ ಯಾರ ಬಾಗಿಲನ್ನೂ ಹೊರಗಿನಿಂದ ತಟ್ಟುವುದಿಲ್ಲ.

ಬೀಗದ ತೊಡಕು

ದಾರಿ ಸರಿಯಿದ್ದು ಪಾಸ್‌ವರ್ಡ್ ಒಪ್ಪದಿದ್ದರೆ ಮೊದಲು ಗಮನಿಸಬೇಕಾದದ್ದು ಪಾಸ್‌ವರ್ಡ್ ಇದೆಯೇ ಎಂಬುದು! ಸಣ್ಣ ಕಚೇರಿಗಳಲ್ಲಿ ಪಾಸ್‌ವರ್ಡ್ ಇಲ್ಲದೆ ನೇರವಾಗಿ ತೆರೆಯುವ ಯಂತ್ರಗಳಿರುತ್ತವೆ. ಖಾಲಿ ಪಾಸ್‌ವರ್ಡಿನ ಖಾತೆಗೆ ದೂರದಿಂದ ಪ್ರವೇಶವನ್ನು ವಿಂಡೋಸ್ ಸ್ವಭಾವತಃ ನಿರಾಕರಿಸುತ್ತದೆ. ಇದು ದೋಷವಲ್ಲ, ಒಳ್ಳೆಯ ಗುಣ. ಇನ್ನು ಕೆಲವರು ದಿನವೂ ನಾಲ್ಕಂಕಿಯ ಪಿನ್ ಒತ್ತಿ ಯಂತ್ರ ತೆರೆಯುತ್ತಾರೆ. ಆ ಪಿನ್ ಆ ಯಂತ್ರದ ಎದುರು ಕುಳಿತವರಿಗೆ ಮಾತ್ರ. ದೂರದಿಂದ ಬರುವವರು ಮೂಲ ಖಾತೆಯ ಪಾಸ್‌ವರ್ಡನ್ನೇ ಕೊಡಬೇಕು. ಆಡಳಿತಗಾರರಲ್ಲದ ಬಳಕೆದಾರರ ಹೆಸರನ್ನು ‘ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್’ ಗುಂಪಿಗೆ ಸೇರಿಸಿರಬೇಕು.

ಗಡಿಯಾರವೂ ಬಾಗಿಲು ಮುಚ್ಚಬಲ್ಲದು. ಹಳೆಯ ಯಂತ್ರದೊಳಗಿನ ನಾಣ್ಯದಂಥ ಬ್ಯಾಟರಿ ಸತ್ತು ದಿನಾಂಕ ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ, ಎರಡೂ ಯಂತ್ರಗಳ ಸಮಯದಲ್ಲಿ ವ್ಯತ್ಯಾಸವಿದೆ ಎಂಬ ಕಾರಣಕ್ಕೇ ಸಂಪರ್ಕ ನಿಲ್ಲುತ್ತದೆ.

ಒಂದು ದೋಷಕ್ಕೆ ದಿನಾಂಕವೇ ಇದೆ. 2018ರ ಮೇ ತಿಂಗಳ ವಿಂಡೋಸ್ ಪರಿಷ್ಕರಣೆಯ ಬಳಿಕ ಜಗತ್ತಿನಾದ್ಯಂತ ಅಸಂಖ್ಯ ಕಚೇರಿಗಳಲ್ಲಿ ‘ಕ್ರೆಡ್‌ಎಸ್‌ಎಸ್‌ಪಿ’ ಎಂಬ ಪದವಿರುವ ದೋಷಸಂದೇಶ ಕಾಣಿಸಿಕೊಂಡಿತು. ಗುರುತು ಪರಿಶೀಲಿಸುವ ವ್ಯವಸ್ಥೆಯಲ್ಲಿದ್ದ ಬಿರುಕನ್ನು ಮುಚ್ಚಿದ ಯಂತ್ರವು, ಮುಚ್ಚದ ಯಂತ್ರದೊಂದಿಗೆ ಮಾತನಾಡಲು ಒಪ್ಪಲಿಲ್ಲ. ಇಂದಿಗೂ ವರ್ಷಗಳಿಂದ ಪರಿಷ್ಕರಣೆ ಕಾಣದ ಯಂತ್ರವನ್ನು ಹೊಸ ಯಂತ್ರದಿಂದ ತೆರೆಯಲು ಹೋದರೆ ಇದೇ ಸಂದೇಶ ಬರಬಹುದು. ಹೊಸ ಯಂತ್ರದ ಪರಿಷ್ಕರಣೆಯನ್ನು ಕಿತ್ತುಹಾಕುವುದು ಅಂದು ಪ್ರಚಾರಕ್ಕೆ ಬಂದ ಸುಲಭೋಪಾಯ. ಹಳೆಯದನ್ನು ಪರಿಷ್ಕರಿಸುವುದು ಸರಿಯಾದ ಉಪಾಯ.

ತೆರೆದ ಮೇಲೂ ತಕರಾರು

ಸಂಪರ್ಕ ಸಿಕ್ಕಿದ ಮೇಲೆ ಪರದೆ ತೆವಳುತ್ತಿದ್ದರೆ ಹಿನ್ನೆಲೆ ಚಿತ್ರ ತೆಗೆದು, ಬಣ್ಣದ ಪ್ರಮಾಣ ಇಳಿಸಬೇಕು. ನಕಲು ಮಾಡಿದ ಪಠ್ಯ ಅತ್ತಿಂದಿತ್ತ ಅಂಟದಿದ್ದರೆ ಒಮ್ಮೆ ಹೊರಬಂದು ಮತ್ತೆ ಒಳಹೋದರೆ ಬಹುಪಾಲು ಸರಿಹೋಗುತ್ತದೆ. ಕಚೇರಿಯಲ್ಲಿ ಯಾರೋ ಅದೇ ಯಂತ್ರದ ಎದುರು ಕುಳಿತರೆ ದೂರದವರು ಹೊರಬೀಳುವುದು ಸಹಜ. ಸಾಮಾನ್ಯ ವಿಂಡೋಸ್ ಒಮ್ಮೆಗೆ ಒಬ್ಬರಿಗೆ ಮಾತ್ರ ಪರದೆ ಕೊಡುತ್ತದೆ.

ಕನ್ನಡದವರಿಗೆ ಒಂದು ಪ್ರತ್ಯೇಕ ತೊಡಕಿದೆ. ನುಡಿ, ಬರಹದಂಥ ತಂತ್ರಾಂಶಗಳನ್ನು ಎರಡೂ ಯಂತ್ರಗಳಲ್ಲಿ ಚಾಲೂ ಇಟ್ಟರೆ ಒತ್ತಿದ ಕೀಲಿ ಎರಡು ಬಾರಿ ಅನುವಾದಗೊಂಡು ಅಕ್ಷರಗಳು ಕಲಸುಮೇಲೋಗರವಾಗಬಹುದು. ದೂರದ ಯಂತ್ರದಲ್ಲಷ್ಟೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿರುವ ಕಡತ ದೂರದ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ, ಏಕೆಂದರೆ ಫಾಂಟ್ ಅಲ್ಲಿದೆ. ಅದೇ ಪಠ್ಯವನ್ನು ಇತ್ತ ನಕಲಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಜಲು ಕಾಣುತ್ತದೆ. ಕಡತ ಕೆಟ್ಟಿತೆಂದು ಗಾಬರಿಬಿದ್ದು ಅಳಿಸಿಹಾಕುವ ಅಗತ್ಯವಿಲ್ಲ.

ಅಡ್ಡದಾರಿಯ ಬೆಲೆ

ಮೇಲಿನದ್ದೆಲ್ಲ ನೋಡುವ ತಾಳ್ಮೆ ಇಲ್ಲದವರು ಎರಡು ಅಡ್ಡದಾರಿ ಹಿಡಿಯುತ್ತಾರೆ. ಮೊದಲನೆಯದು, ಫೈರ್‌ವಾಲ್ ತೆಗೆದು, ರೂಟರ್‌ನಲ್ಲಿ 3389ರ ದ್ವಾರವನ್ನು ಜಗತ್ತಿಗೇ ತೆರೆದಿಡುವುದು. ಸಂಪರ್ಕ ಕೂಡಲೇ ಸಿಗುತ್ತದೆ. ಆದರೆ ತೆರೆದ ದ್ವಾರಗಳನ್ನು ಹುಡುಕುತ್ತ ಹಗಲಿರುಳು ಅಂತರ್ಜಾಲವನ್ನು ಜಾಲಾಡುವ ಸ್ವಯಂಚಾಲಿತ ತಂತ್ರಾಂಶಗಳಿಗೂ ಅದು ಸಿಗುತ್ತದೆ. ಅವು ಸಾವಿರಾರು ಪಾಸ್‌ವರ್ಡ್‌ಗಳನ್ನು ಬೇಸರವಿಲ್ಲದೆ ಪ್ರಯತ್ನಿಸುತ್ತವೆ. ಒಳಬಂದವರು ಲೆಕ್ಕದ ಕಡತಗಳನ್ನೆಲ್ಲ ಬೀಗಹಾಕಿ ಹಣ ಕೇಳುವುದು ಈಗ ಹಳೆಯ ಕಥೆ. 2019ರ ಮೇ ತಿಂಗಳಲ್ಲಿ ‘ಬ್ಲೂಕೀಪ್’ ಎಂಬ ದೋಷ ಬಯಲಾದಾಗ ಪಾಸ್‌ವರ್ಡ್ ಇಲ್ಲದೆಯೂ ಹಳೆಯ ವಿಂಡೋಸ್ ಯಂತ್ರಗಳಿಗೆ ಈ ದಾರಿಯಲ್ಲಿ ನುಗ್ಗಬಹುದೆಂದು ತಿಳಿಯಿತು. ಅಷ್ಟರಲ್ಲಿ ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಡಬೇಕಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಕಚೇರಿಗಳು ಮರೆಯುವಂತಿಲ್ಲ. ದ್ವಾರದ ಸಂಖ್ಯೆ ಬದಲಿಸಿದರೆ ಸಾಕೆಂಬುದು ಭ್ರಮೆ. ಊರ ಹೊರಗಿಂದ ಬರುವವರಿಗೆ ಮೊದಲು ವಿಪಿಎನ್ ಎಂಬ ಖಾಸಗಿ ಸುರಂಗ, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್, ಇದೇ ಸರಿಯಾದ ಕ್ರಮ. ವಠಾರದ ಸಂಪರ್ಕದಲ್ಲೂ ನಡೆಯುವ ಟೈಲ್‌ಸ್ಕೇಲ್‌ನಂಥ ವಿಪಿಎನ್‌ಗಳು ಈಗ ಇವೆ. ಸಣ್ಣ ಸಂಸ್ಥೆಗೆ ಇಷ್ಟೆಲ್ಲ ಏಕೆ ಎನ್ನುವವರುಂಟು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಸಣ್ಣವರಿಗೇ ಹೆಚ್ಚು ದುಬಾರಿ, ಅವರಲ್ಲಿ ಲೆಕ್ಕದ ಇನ್ನೊಂದು ಪ್ರತಿಯೂ ಇರುವುದಿಲ್ಲ.

ಎರಡನೆಯ ಅಡ್ಡದಾರಿ ಇನ್ನೂ ಅಪಾಯದ್ದು. ರಾತ್ರಿ ಹತ್ತಕ್ಕೆ ದಿಕ್ಕುಗಾಣದ ಗುಮಾಸ್ತರು ಅಂತರ್ಜಾಲದಲ್ಲಿ ಸಿಕ್ಕ ‘ಗ್ರಾಹಕ ಸೇವೆ’ಯ ಸಂಖ್ಯೆಗೆ ಕರೆ ಮಾಡುತ್ತಾರೆ. ಅತ್ತಲಿನ ವಿನಯದ ದನಿ ಎನಿಡೆಸ್ಕ್ ಹಾಕಿಕೊಳ್ಳಲು ಹೇಳಿ, ಪರದೆಯ ಮೇಲಿನ ಅಂಕಿಗಳನ್ನು ಕೇಳುತ್ತದೆ. ಆ ಅಂಕಿ ಹೇಳಿ, ‘ಒಪ್ಪಿಗೆ’ ಒತ್ತಿದರೆ ಪರದೆ ಅವರ ಕೈಗೆ. ತಂತ್ರಾಂಶ ಕಳ್ಳತನದ್ದಲ್ಲ, ಬಳಸುವ ಕೈ ಕಳ್ಳನದು. ಇದೇ ಬಗೆಯಲ್ಲಿ ಮೊಬೈಲ್‌ಗಳಿಗೆ ಎನಿಡೆಸ್ಕ್ ಹಾಕಿಸಿ ಯುಪಿಐ ಮೂಲಕ ಹಣ ದೋಚುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ದೂರದಿಂದ ನೆರವು ಪಡೆಯುವುದಾದರೆ ಮೊದಲೇ ಪರಿಚಯವಿರುವ ತಂತ್ರಜ್ಞರಿಗೆ, ಮೊದಲೇ ಬರೆದಿಟ್ಟ ಸಂಖ್ಯೆಗೆ ತಾವಾಗಿ ಕರೆ ಮಾಡಬೇಕು. ಕೆಲಸ ಮುಗಿಯುವವರೆಗೆ ಪರದೆಯ ಎದುರಿನಿಂದ ಏಳಬಾರದು, ಬ್ಯಾಂಕಿನ ಪುಟ ತೆರೆದಿರಬಾರದು.

ಈಗಾಗಲೇ ಅಪರಿಚಿತರಿಗೆ ಪರದೆ ಕೊಟ್ಟಾಗಿದ್ದರೆ ಯಂತ್ರವನ್ನು ಬಂದ್ ಮಾಡುವ ಮುನ್ನ ಅಂತರ್ಜಾಲದ ತಂತಿಯನ್ನು ಕೀಳಬೇಕು, ವೈಫೈ ಆರಿಸಬೇಕು. ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಬೇಕು. ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಬೆಳಗಾಗುವವರೆಗೆ ಕಾಯದೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ದೂರು ತಲುಪಿದರೆ ಅದನ್ನು ಅಲ್ಲಿಯೇ ತಡೆಹಿಡಿಯುವ ಅವಕಾಶವಿರುತ್ತದೆ.