ಹೊಸ ಮನೆಯ ಹಳೆ ದೆವ್ವ

ಅಕ್ಟೋಬರ್ ಬಂತೆಂದರೆ ನಮ್ಮ ಮನೆಗಳ ಒಳಗೆ ನವರಾತ್ರಿ ಗೊಂಬೆ, ಹೊರಗೆ ಹ್ಯಾಲೋವೀನ್ ದೆವ್ವ! 2020ರಲ್ಲಿ ಹನ್ನೆರಡು ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರ ಮಾರುಕಟ್ಟೆಗೆ ಬಂತು. ನಮ್ಮ ಬೀದಿಯಲ್ಲಿ ಮೊದಲು ಒಬ್ಬರು ತಂದರು. ಮರುವರ್ಷ ಅವರ ಎದುರು ಮನೆಯಲ್ಲೂ ಒಂದು ಎದ್ದು ನಿಂತಿತು. ದೆವ್ವದ ವಿಷಯದಲ್ಲೂ ಪಕ್ಕದ ಮನೆಯವರಿಗೆ ಸರಿಸಮ ಇರಬೇಕು ನೋಡಿ!

ನಗಬೇಡಿ. ಈ ಪೈಪೋಟಿಗೂ ದೆವ್ವಕ್ಕೂ ಇರುವ ನಂಟನ್ನು ಅಮೆರಿಕದ ಸಿನಿಮಾದವರು ಐವತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ನಮ್ಮ ಕಡೆಯ ದೆವ್ವಕ್ಕೆ ಹಳೇ ಬಂಗಲೆ ಬೇಕು. 2004ರ 'ಆಪ್ತಮಿತ್ರ' ನೆನಪಿಸಿಕೊಳ್ಳಿ. ಮೈಸೂರಿನ ಹಳೆಯ ಅರಮನೆಯಂಥ ಮನೆ, ಬೀಗ ಹಾಕಿದ ಕೋಣೆ, ಅದರೊಳಗೆ ನಾಗವಲ್ಲಿ. ಮನೆ ನೋಡಿದ ಕೂಡಲೇ ಇಲ್ಲೇನೋ ಇದೆ ಎಂದು ಗೊತ್ತಾಗುತ್ತದೆ. ಆದರೆ ಅಮೆರಿಕದ ಸಬರ್ಬಿನ ಮನೆ ಹೊಚ್ಚ ಹೊಸದು. ಬಣ್ಣದ ವಾಸನೆ ಇನ್ನೂ ಆರಿಲ್ಲ, ಬೀಗ ಹಾಕಿದ ಕೋಣೆಯಿಲ್ಲ, ಅಕ್ಕಪಕ್ಕದ ಮನೆಗಳೂ ಅಚ್ಚಿನಲ್ಲಿ ಹೊಯ್ದಂತೆ ಹಾಗೇ ಇವೆ. ಅಲ್ಲಿಗೆ ದೆವ್ವ ಬರುವುದು ಹೇಗೆ? ಈ ಸಿನಿಮಾಗಳು ಕೊಡುವ ಉತ್ತರ ಸ್ವಾರಸ್ಯವಾಗಿದೆ. ದೆವ್ವ ಎಲ್ಲಿಂದಲೋ ಬರುವುದಿಲ್ಲ, ಮನೆಯ ಜೊತೆಗೇ ನಾವು ಅದನ್ನು ಕೊಂಡು ತಂದಿರುತ್ತೇವೆ.

ಈ ಮನೆಗಳ ಮೂಲ ಸ್ವಲ್ಪ ನೋಡೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಿಂದ 1951ರ ಒಳಗೆ, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಲೆವಿಟ್ ಕಂಪನಿಯವರು 17,000ಕ್ಕೂ ಹೆಚ್ಚು ಮನೆ ಕಟ್ಟಿದರು. ಅದೇ ಲೆವಿಟ್‌ಟೌನ್. ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ವಾರಾಂತ್ಯದಲ್ಲಿ ಹೊರಗೆ ಬಟ್ಟೆ ಒಣಹಾಕಬಾರದು ಎಂಬಂಥ ನಿಯಮಗಳಿದ್ದವು. ಬಿಳಿಯರಲ್ಲದವರು ಇಲ್ಲಿ ವಾಸಿಸುವಂತಿಲ್ಲ ಎಂಬುದೂ ಆರಂಭದ ಕರಾರಿನಲ್ಲೇ ಇತ್ತು. ನಮ್ಮ ಎಚ್‌ಓಎ ಪತ್ರಗಳನ್ನು ಓದಿ ಬೇಸರಪಡುವವರಿಗೆ ಇದು ತಿಳಿದಿರಲಿ, ಸಂಪ್ರದಾಯ ಹಳೆಯದು!

1975ರ 'ದಿ ಸ್ಟೆಪ್‌ಫರ್ಡ್ ವೈವ್ಸ್' ಹಲವರು ನೋಡಿರಬಹುದು. ಐರಾ ಲೆವಿನ್ 1972ರಲ್ಲಿ ಬರೆದ ಕಾದಂಬರಿಯೇ ಅದಕ್ಕೆ ಆಧಾರ. ಕನೆಕ್ಟಿಕಟ್‌ನ ಊರೊಂದರಲ್ಲಿ ಹೆಂಗಸರನ್ನೆಲ್ಲ ಅವರ ಗಂಡಂದಿರೇ ಸೇರಿ ಯಂತ್ರದ ಗೊಂಬೆಗಳಾಗಿ ಬದಲಿಸಿಬಿಡುತ್ತಾರೆ. ಮನಸ್ಸು ಬಿಚ್ಚಿ ಮಾತಾಡೋಣ ಎಂದು ಕರೆದ ಮಹಿಳೆಯರ ಸಭೆಯಲ್ಲಿ ಅವರು ಮಾತಾಡುವುದು ಇಸ್ತ್ರಿ ಮಾಡುವಾಗ ಬಟ್ಟೆಗೆ ಹೊಡೆಯುವ ಗಂಜಿ ಸ್ಪ್ರೇ ಬಗ್ಗೆ, ಟಿವಿ ಜಾಹೀರಾತಿನ ಧಾಟಿಯಲ್ಲಿ! ಕೊನೆಯ ದೃಶ್ಯದಲ್ಲಿ ಎಲ್ಲರೂ ಸೂಪರ್‌ಮಾರ್ಕೆಟ್ಟಿನಲ್ಲಿ ಗಾಡಿ ತಳ್ಳುತ್ತಾ ನಯವಾಗಿ ಕ್ಷೇಮ ವಿಚಾರಿಸಿಕೊಳ್ಳುತ್ತಾರೆ. ರಕ್ತವಿಲ್ಲ, ಕಿರುಚಾಟವಿಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. 2004ರಲ್ಲಿ ನಿಕೋಲ್ ಕಿಡ್ಮನ್ ಇಟ್ಟುಕೊಂಡು ಮತ್ತೆ ತೆಗೆದರು. ಅದನ್ನು ಬಿಟ್ಟರೂ ನಷ್ಟವಿಲ್ಲ.

ನನಗೆ ಹೆಚ್ಚು ಕಾಡಿದ್ದು 1982ರ 'ಪೋಲ್ಟರ್‌ಗೈಸ್ಟ್'. ನಿರ್ದೇಶಕ ಟೋಬ್ ಹೂಪರ್, ನಿರ್ಮಾಪಕರಲ್ಲೊಬ್ಬರು ಸ್ಟೀವನ್ ಸ್ಪೀಲ್‌ಬರ್ಗ್. ಕ್ಯಾಲಿಫೋರ್ನಿಯಾದ ಹೊಸ ಬಡಾವಣೆಯಲ್ಲಿ ಫ್ರೀಲಿಂಗ್ ಕುಟುಂಬ. ಮನೆಯ ಪುಟ್ಟ ಹುಡುಗಿಯನ್ನು ದೆವ್ವಗಳು ಎಳೆದುಕೊಳ್ಳುತ್ತವೆ, ಅವಳ ದನಿ ಟಿವಿಯೊಳಗಿಂದ ಕೇಳುತ್ತದೆ. ಅಪ್ಪ ಸ್ಟೀವ್ ಯಾರು ಗೊತ್ತೇ? ಅದೇ ಬಡಾವಣೆಯ ಮನೆಗಳನ್ನು ಮಾರುವ ಸೇಲ್ಸ್‌ಮನ್! ಅವನ ಬಾಸ್ ಅವನನ್ನು ಗುಡ್ಡದ ಮೇಲೆ ಕರೆದೊಯ್ದು, ಇಲ್ಲೂ ಮನೆ ಕಟ್ಟುತ್ತೇವೆ ಎನ್ನುತ್ತಾನೆ. ಅಲ್ಲೋ ಸ್ಮಶಾನವಿದೆ. ಅದನ್ನು ಸ್ಥಳಾಂತರಿಸಿದರಾಯಿತು, ಹಿಂದೆಯೂ ಮಾಡಿದ್ದೇವೆ ಎನ್ನುತ್ತಾನೆ ಬಾಸ್. ಕೊನೆಗೆ ಬಯಲಾಗುವ ಸತ್ಯ: ಕಂಪನಿಯವರು ಸ್ಥಳಾಂತರಿಸಿದ್ದು ಸಮಾಧಿಯ ಕಲ್ಲುಗಳನ್ನು ಮಾತ್ರ, ಶವಗಳನ್ನು ಹಾಗೇ ಬಿಟ್ಟು ಮೇಲೆ ಮನೆ ಕಟ್ಟಿದ್ದಾರೆ. ಈಜುಕೊಳಕ್ಕೆಂದು ಅಗೆದ ಗುಂಡಿಯಿಂದಲೇ ಅಸ್ಥಿಪಂಜರಗಳು ಎದ್ದು ಬರುತ್ತವೆ. ಅಲ್ಲಿದ್ದದ್ದು ಮೂಲನಿವಾಸಿಗಳ ಪುರಾತನ ಸ್ಮಶಾನ ಎಂದು ತುಂಬಾ ಜನ ಹೇಳುವುದುಂಟು. ಅದು ತಪ್ಪು. ಹಾಗೇನೂ ಅಲ್ಲ, ಸಾಧಾರಣ ಜನರ ಸ್ಮಶಾನ ಎಂದು ಬಾಸ್ ತಾನೇ ಹೇಳುತ್ತಾನೆ. ಇಲ್ಲಿ ಪುರಾತನ ಶಾಪ ಏನೂ ಇಲ್ಲ, ಖರ್ಚು ಉಳಿಸಿದ ಲೆಕ್ಕಾಚಾರ ಅಷ್ಟೆ.

ಇದರಲ್ಲೊಂದು ಚಿಕ್ಕ ದೃಶ್ಯವಿದೆ. ಅಡುಗೆಮನೆಯಲ್ಲಿ ಕುರ್ಚಿಗಳು ತಾವಾಗಿ ಸರಿಯತೊಡಗಿದಾಗ ಗಂಡ ಹೆಂಡತಿ ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ. ನಿಮ್ಮ ಮನೆಯಲ್ಲೂ ಏನಾದರೂ ವಿಚಿತ್ರ ನಡೆದಿದೆಯೇ ಎಂದು ಕೇಳಬೇಕು. ಆದರೆ ಮಾತು ಸರಾಗವಾಗಿ ಹೊರಡುವುದಿಲ್ಲ. ಸುಮ್ಮನೆ ಹಲ್ಲು ಕಿರಿಯುತ್ತಾ, ಸೊಳ್ಳೆ ಹೊಡೆದುಕೊಳ್ಳುತ್ತಾ ನಿಂತು ವಾಪಸು ಬರುತ್ತಾರೆ. ಈ ನೆರೆಯವನ ಜೊತೆ ಅವರ ಒಡನಾಟ ಅಷ್ಟಕ್ಕಷ್ಟೆ. ಒಬ್ಬರ ರಿಮೋಟಿಗೆ ಇನ್ನೊಬ್ಬರ ಟಿವಿ ಚಾನೆಲ್ ಬದಲಾಗುತ್ತದೆಂದು ಜಗಳ ಬೇರೆ!

ಈ ದೃಶ್ಯ ನೋಡಿದಾಗಲೆಲ್ಲ ನನಗೆ 2009 ನೆನಪಾಗುತ್ತದೆ. ನಮ್ಮ ಬೀದಿಯಲ್ಲೇ ಇದ್ದ ಕನ್ನಡ ಸ್ನೇಹಿತರೊಬ್ಬರಿಗೆ ಕೆಲಸ ಹೋಗಿತ್ತು. ನಾಲ್ಕು ತಿಂಗಳು ಅವರು ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಹೊರಟು, ಸಂಜೆಯವರೆಗೆ ಲೈಬ್ರರಿಯಲ್ಲಿ ಕೂತು ಬರುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಎಂದಿನಂತೆ ಅರವತ್ತು ಜನಕ್ಕೆ ಊಟ ಹಾಕಿದರು. ಲಾನ್ ಹಸಿರಾಗಿಯೇ ಇತ್ತು. ಆಮೇಲೊಮ್ಮೆ ಅವರೇ ಹೇಳಿದರು: "ಕೆಲಸ ಹೋಗಿದ್ದಕ್ಕಿಂತ, ಹುಲ್ಲು ಒಣಗಿದ್ರೆ ಎಲ್ರಿಗೂ ಗೊತ್ತಾಗಿಬಿಡುತ್ತಲ್ಲ ಅಂತಾನೇ ಭಯ ಆಗ್ತಿತ್ತು ಕಣ್ರೀ." ಒಂದು ಸಂಜೆ ಅವರು ನಮ್ಮ ಬಾಗಿಲಿಗೆ ಬಂದಿದ್ದರು. ಮಳೆ ಬಗ್ಗೆ, ಮಗನ ಸಾಕರ್ ಬಗ್ಗೆ ಮಾತಾಡಿ, ಒಂದು ನಿಮಿಷ ಸುಮ್ಮನೆ ನಿಂತು ಹೋದರು. ಏನೋ ಹೇಳಬೇಕೆಂದಿದ್ದಾರೆ ಅನ್ನಿಸಿತ್ತು. ನಾನು ಕೇಳಲಿಲ್ಲ. ಆ ವಾರವಷ್ಟೇ ಹೊಸ ಕಾರು ಮನೆಗೆ ಬಂದಿತ್ತು, ಅದನ್ನೇ ತೋರಿಸಿದೆ.

ಜಾರ್ಜ್ ರೊಮೆರೊ ಅವರ 1978ರ 'ಡಾನ್ ಆಫ್ ದಿ ಡೆಡ್' ನಡೆಯುವುದು ಮನೆಯಲ್ಲಲ್ಲ, ಸಬರ್ಬಿನ ಇನ್ನೊಂದು ದೇವಸ್ಥಾನದಲ್ಲಿ, ಎಂದರೆ ಶಾಪಿಂಗ್ ಮಾಲಿನಲ್ಲಿ. ಪಿಟ್ಸ್‌ಬರ್ಗ್ ಹತ್ತಿರದ ಮನ್ರೋವಿಲ್ ಮಾಲ್ ಅದು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಚಿತ್ರೀಕರಣ ಮಾಡಿದರು. ಕ್ರಿಸ್‌ಮಸ್ ಅಲಂಕಾರ ಬಂದಾಗ ಕೆಲಸ ನಿಲ್ಲಿಸಬೇಕಾಯಿತಂತೆ! ಸತ್ತವರು ಎದ್ದು ನಡೆಯುತ್ತಾ ಅಲ್ಲಿಗೇ ಏಕೆ ಬರುತ್ತಾರೆ? ಬದುಕಿದ್ದಾಗಿನ ಅಭ್ಯಾಸದ ಬಲ. ಒಳಗೆ ಸೇರಿಕೊಂಡ ನಾಲ್ವರಿಗೆ ಎಲ್ಲವೂ ಪುಕ್ಕಟೆ. ಗೋದಾಮಿನಲ್ಲಿ ಟಿವಿ, ಸೋಫಾ ಎಲ್ಲ ಇಟ್ಟು ಸುಂದರ ಸಂಸಾರ ಹೂಡುತ್ತಾರೆ. ನೋಡಿ ಹೊಟ್ಟೆಕಿಚ್ಚುಪಡಲು ಲೋಕದಲ್ಲಿ ಯಾರೂ ಉಳಿದಿಲ್ಲ, ಆದರೂ ಮನೆ ಮಾತ್ರ ಶೋರೂಮಿನಂತಿರಬೇಕು! ಕೊನೆಗೆ ಬೈಕಿನ ದರೋಡೆಕೋರರು ನುಗ್ಗಿದಾಗ ಅವಿತು ಕೂತಿದ್ದರೆ ಸಾಕಿತ್ತು. ಆದರೆ ಇದೆಲ್ಲ ನಮ್ಮದು ಎಂದು ಒಬ್ಬ ಗುಂಡು ಹಾರಿಸುತ್ತಾನೆ, ಸಾಯುತ್ತಾನೆ.

ಜೋರ್ಡನ್ ಪೀಲ್ ಅವರ 'ಗೆಟ್ ಔಟ್' (2017) ಈ ಸಾಲಿಗೆ ಹೊಸ ತಿರುವು ಕೊಟ್ಟಿತು. ಮೊದಲ ದೃಶ್ಯದಲ್ಲೇ ಸಬರ್ಬಿನ ಶಾಂತ ಬೀದಿಯಲ್ಲಿ ರಾತ್ರಿ ದಾರಿ ತಪ್ಪಿದ ಕಪ್ಪು ಯುವಕನ ಅಪಹರಣವಾಗುತ್ತದೆ. ಲೆವಿಟ್‌ಟೌನಿನ ಆ ಕರಾರು ನೆನಪಾಗದೆ ಇರದು. ಮುಂದೆ ಸಭ್ಯರ ತೋಟದ ಪಾರ್ಟಿಯಲ್ಲಿ ಬಿಂಗೋ ಚೀಟಿ ಹಿಡಿದು ಸದ್ದಿಲ್ಲದೆ ಹರಾಜು ನಡೆಯುತ್ತದೆ. ಮಾರಾಟಕ್ಕಿರುವುದು ನಾಯಕನ ದೇಹ. ಕೊಳ್ಳುವವರೆಲ್ಲ ಬಹಳ ಒಳ್ಳೆಯ ಮಾತಿನವರು.

ಈ ಹ್ಯಾಲೋವೀನ್‌ಗೆ ನೋಡುವುದಾದರೆ 'ಪೋಲ್ಟರ್‌ಗೈಸ್ಟ್'ನಿಂದ ಶುರುಮಾಡಿ, ಆದರೆ ಪುಟ್ಟ ಮಕ್ಕಳನ್ನು ಮಲಗಿಸಿದ ಮೇಲೆ. ಅದಕ್ಕೆ ಪಿಜಿ ಎಂದಿರುವುದನ್ನು ನಂಬಬೇಡಿ. ಪಿಜಿ-13 ಎಂಬ ದರ್ಜೆ ಹುಟ್ಟಿದ್ದೇ 1984ರಲ್ಲಿ. ಚಿತ್ರದ ಕೊನೆಯಲ್ಲಿ ಆ ಕುಟುಂಬ ಮೋಟೆಲ್ ಕೋಣೆಯಿಂದ ಟಿವಿಯನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ. ನಮ್ಮ ಮಗಳು ಒಂಬತ್ತು ವರ್ಷದವಳಿದ್ದಾಗ ಕದ್ದು ನೋಡಿ, ಒಂದು ವಾರ ನಮ್ಮ ಟಿವಿಗೂ ಬೆಡ್‌ಶೀಟ್ ಹೊದಿಸಿದ್ದಳು.