ಆರು ರನ್ನಿನ ಬಾಕಿ

ಮಕ್ಕಳೇ, ನಾನು ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತನಾದರೂ ಲೆಕ್ಕ ಬರೆಯುವ ಚಟ ಹೋಗಿಲ್ಲ. ನಮ್ಮ ಮನೆಯಲ್ಲಿ ಕೆಂಪು ರಟ್ಟಿನ ಒಂದು ಹಳೆಯ ಲೆಡ್ಜರ್ ಇದೆ. ಅದರಲ್ಲಿ ದುಡ್ಡಿನ ಲೆಕ್ಕವಿಲ್ಲ, ನಮ್ಮ ರಣಜಿ ತಂಡದ ಲೆಕ್ಕವಿದೆ. ಎಡಗಡೆ ಸೋಲು, ಬಲಗಡೆ ಗೆಲುವು. ಅದನ್ನು ಶುರು ಮಾಡಿದವರು ಶಾಲಾ ಮಾಸ್ತರರಾಗಿದ್ದ ನಮ್ಮ ತಂದೆ.

ಮೊನ್ನೆ ಏಳನೇ ತರಗತಿಯ ಮೊಮ್ಮಗ ಅದನ್ನು ತಿರುವಿ ಹಾಕುತ್ತ ಕೇಳಿದ: "ತಾತ, ಸೋತದ್ದನ್ನೂ ಯಾಕೆ ಬರೆದಿದ್ದೀರಿ? ಗೆದ್ದದ್ದಷ್ಟೇ ಸಾಕಲ್ಲವೇ?" ಅವನ ಶಾಲಾ ತಂಡ ಹಿಂದಿನ ದಿನವಷ್ಟೇ ಸೋತಿತ್ತು. ನಾನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟ ತೆರೆದೆ.

ಮೊದಲ ನಮೂದೇ ಎಡಗಡೆಯದು. 1934ರ ನವೆಂಬರ್ 4. ರಣಜಿ ಟ್ರೋಫಿಯ ಇತಿಹಾಸದಲ್ಲೇ ಮೊದಲ ಪಂದ್ಯ, ಮದರಾಸಿನ ಚೆಪಾಕ್‌ನಲ್ಲಿ. ಆಗ ನಮ್ಮದು ಮೈಸೂರು ತಂಡ. ಮೊದಲ ಇನಿಂಗ್ಸ್‌ನಲ್ಲಿ 48, ಎರಡನೆಯದರಲ್ಲಿ 59! ಮದರಾಸಿನ ಎ. ಜಿ. ರಾಮ್ ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ ಕಿತ್ತರು. ಬೆಳಿಗ್ಗೆ ಶುರುವಾದ ಪಂದ್ಯ ಅದೇ ದಿನ ಮುಗಿದುಹೋಯಿತು.

ಆಮೇಲೆ 1941-42ರಲ್ಲಿ, 1959-60ರಲ್ಲಿ ಫೈನಲ್ ತಲುಪಿದೆವು. ಎರಡು ಸಲವೂ ಬಾಂಬೆ ಎದುರು ಸೋತೆವು. 1958-59ರಿಂದ ಬಾಂಬೆ ಸತತ ಹದಿನೈದು ವರ್ಷ ಟ್ರೋಫಿಯನ್ನು ಬಿಟ್ಟುಕೊಡಲೇ ಇಲ್ಲ.

ಪುಟ ತಿರುಗಿಸಿದರೆ 1974ರ ಮಾರ್ಚ್. ಹಿಂದಿನ ನವೆಂಬರ್‌ನಲ್ಲಷ್ಟೇ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತ್ತು. ಹೊಸ ಹೆಸರಿನ ತಂಡ ಬೆಂಗಳೂರಿನಲ್ಲಿ, ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಸೆಮಿಫೈನಲ್‌ಗೆ ಇಳಿದದ್ದು ಅದೇ ಬಾಂಬೆ ಎದುರು. ನಾನಾಗ ಬಿ.ಕಾಂ. ವಿದ್ಯಾರ್ಥಿ. ಪರೀಕ್ಷೆ ಹತ್ತಿರವಿತ್ತು. ಆದರೂ ತರಗತಿಗೆ ಚಕ್ಕರ್ ಹೊಡೆದು ಅಪ್ಪನ ಜೊತೆ ಬಿಸಿಲಲ್ಲಿ ಕೂತಿದ್ದೆ. ಚಕ್ಕರ್ ಹೊಡೆಸಿದವರು ಮಾಸ್ತರರೇ ಎಂಬುದನ್ನು ಅಮ್ಮನಿಗೆ ನಾವಿಬ್ಬರೂ ಹೇಳಲಿಲ್ಲ!

ಜಿ. ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ನಮ್ಮ ಮೊತ್ತ 385. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರೇ ಗೆದ್ದಂತೆ ಎಂಬುದು ನಿಯಮ. ನಾಯಕ ಪ್ರಸನ್ನ ಎಸೆದ ಚೆಂಡು ಗವಾಸ್ಕರ್ ಅವರ ವಿಕೆಟ್ ಉರುಳಿಸಿದಾಗ ಅಪ್ಪ ಕೈಯಲ್ಲಿದ್ದ ಕೊಡೆ ಎಸೆದುಬಿಟ್ಟರು. ಚೆನ್ನಾಗಿ ಆಡುತ್ತಿದ್ದ ಬಾಂಬೆ ನಾಯಕ ವಾಡೇಕರ್ ಓಡುವಾಗ ಜಾರಿ ರನ್ ಔಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. ಪ್ರಸನ್ನ ಐದು ವಿಕೆಟ್, ಚಂದ್ರಶೇಖರ್ ನಾಲ್ಕು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ಮನೆಗೆ ಬಂತು. ಅಪ್ಪ ಬಲಗಡೆ ಮೊದಲ ಸಲ ಕೆಂಪು ಶಾಯಿಯಲ್ಲಿ ಬರೆದರು.

ಆ ಆಟಗಾರರನ್ನು ನೋಡಿ. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿತ್ತು. ಅದೇ ಕೈಯಿಂದ ಅವರು ಜಗತ್ತಿನ ದೊಡ್ಡ ಬ್ಯಾಟ್ಸ್‌ಮನ್‌ಗಳನ್ನು ಕಂಗೆಡಿಸಿದರು. ಪ್ರಸನ್ನ 1962ರಲ್ಲೇ ಟೆಸ್ಟ್ ಆಡಿದವರು, ಆದರೆ ಎಂಜಿನಿಯರಿಂಗ್ ಓದಲೆಂದು ಭಾರತ ತಂಡದಿಂದ ಐದು ವರ್ಷ ದೂರ ಉಳಿದು ಮರಳಿದರು. ಭದ್ರಾವತಿಯ ವಿಶ್ವನಾಥ್ ಮೊದಲ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಎಲ್ಲರ ಲೆಡ್ಜರಿನಲ್ಲೂ ಎಡಗಡೆ ಏನೋ ಒಂದು ಇದ್ದೇ ಇತ್ತು.

ಮತ್ತೆ ಎಡಗಡೆ: 1981-82ರ ಫೈನಲ್. ನಾವು 705 ರನ್ ಹೊಡೆದೆವು. ಇನ್ನೇನು ಬೇಕು? ದೆಹಲಿ ಎಂಟು ವಿಕೆಟ್‌ಗೆ 707 ಹೊಡೆಯಿತು! ಮರುವರ್ಷವೇ ಬಾಂಬೆಯನ್ನು ಅದರ ಊರಿನಲ್ಲೇ ಮಣಿಸಿ ಟ್ರೋಫಿ ತಂದೆವು.

ತೊಂಬತ್ತರ ದಶಕದಲ್ಲಿ ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ ಅವರ ಕಾಲ. ಮೂರು ಸಲ ಗೆದ್ದೆವು. ಬಲಗಡೆ ತುಂಬುತ್ತ ಬಂತು.

ಆಮೇಲೆ 2010ರ ಜನವರಿ. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ಎದುರು ಫೈನಲ್. ಅಪ್ಪನಿಗೆ ಆಗ ಎಂಬತ್ತೆರಡು. ನಾನು ರಜೆ ಹಾಕಿ ಅವರ ಕೈ ಹಿಡಿದು ಕರೆದುಕೊಂಡು ಹೋದೆ. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಇನ್ನು ಗೆದ್ದೆವು ಅನ್ನುವಷ್ಟರಲ್ಲಿ 331ಕ್ಕೆ ಎಲ್ಲರೂ ಔಟ್. ಆರು ರನ್ನಿನ ಸೋಲು.

ಬಸ್ಸಿನಲ್ಲಿ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದು ಕನ್ನಡಕ ಹುಡುಕಿ, ನಡುಗುವ ಕೈಯಲ್ಲಿ ಎಡಗಡೆ ಬರೆದರು: "ಆರು ರನ್ ಬಾಕಿ." ನನಗೆ ರೇಗಿತು. "ಇದನ್ನು ಇವತ್ತೇ ಬರೆಯಬೇಕಿತ್ತೇ?" ಅಂದೆ. "ಬಾಕಿ ಬರೆಯದವನು ತೀರಿಸುವುದು ಹೇಗೋ?" ಅಂದರು.

ಅದೇ ಅವರ ಕೊನೆಯ ನಮೂದು. ಎರಡು ವರ್ಷದ ನಂತರ ತೀರಿಕೊಂಡರು.

2013-14ರಲ್ಲಿ ಕರ್ನಾಟಕ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಮತ್ತೆ ಟ್ರೋಫಿ ಗೆದ್ದಿತು. ನಾಯಕ ವಿನಯ್ ಕುಮಾರ್. ತಂಡದಲ್ಲಿ ಮನೀಶ್ ಪಾಂಡೆ. ಇಬ್ಬರೂ ಮೈಸೂರಿನಲ್ಲಿ ಸೋತವರು. ಮರುವರ್ಷ ಮುಂಬೈಯ ವಾಂಖೆಡೆಯಲ್ಲಿ ಕರುಣ್ ನಾಯರ್ 328 ಹೊಡೆದು ತಮಿಳುನಾಡಿನ ಎದುರು ಎಂಟನೆಯ ಟ್ರೋಫಿ ತಂದರು. ಎರಡನ್ನೂ ಕೆಂಪು ಶಾಯಿಯಲ್ಲಿ ಬರೆದವನು ನಾನು. ಬರೆಯುವಾಗ ಅಕ್ಷರ ಸ್ವಲ್ಪ ಕಲಸಿಹೋಗಿದೆ.

ಮೊಮ್ಮಗ ಅಪ್ಪನ ಆ ಕೊನೆಯ ಸಾಲನ್ನು ಬೆರಳಿನಿಂದ ಸವರಿದ. ಸ್ವಲ್ಪ ಹೊತ್ತಿಗೆ ತನ್ನ ಶಾಲೆಯ ನೋಟ್‌ಬುಕ್ ತಂದು ನಡುವೆ ಒಂದು ಗೆರೆ ಎಳೆದ. ಎಡಗಡೆ ಏನು ಬರೆದನೋ ನಾನು ಇಣುಕಲಿಲ್ಲ. ಅದು ಅವನ ಖಾತೆ.