ಗಾಳಿಯಿಂದ ಬಿಸಿನೀರು

ಬನವಾಸಿಯಿಂದ ಕೆಲವೇ ಮೈಲಿಗಳ ದೂರದಲ್ಲಿರುವ ಗುಡ್ನಾಪುರದ ಹೆಸರು ಕೇಳಿದೊಡನೆ ಇತಿಹಾಸಪ್ರಿಯರಿಗೆ ನೆನಪಾಗುವುದು ಅಲ್ಲಿನ ವಿಶಾಲವಾದ ಕೆರೆ ಮತ್ತು ಕದಂಬ ರವಿವರ್ಮನ ಶಾಸನ. ಅರಮನೆ, ನೃತ್ಯಶಾಲೆ, ಕಾಮಜಿನಾಲಯಗಳ ಸುದ್ದಿಯನ್ನು ಹೇಳುವ ಆ ಶಿಲಾಲೇಖಕ್ಕೆ ಸುಮಾರು ಹದಿನೈದು ಶತಮಾನಗಳ ವಯಸ್ಸು. ಆದರೆ ಆಷಾಢದ ಒಂದು ಬೆಳಗ್ಗೆ ಆ ಊರಿನಲ್ಲಾಗಲಿ, ಸುತ್ತಲಿನ ಶಿರಸಿ ಸೀಮೆಯ ಯಾವುದೇ ಹಳೆಯ ಮನೆಯಲ್ಲಾಗಲಿ ಕಣ್ಣಿಗೆ ಮೊದಲು ಬೀಳುವುದು ಇತಿಹಾಸವಲ್ಲ, ಹೊಗೆ. ಹಿತ್ತಲಿನ ಬಚ್ಚಲುಮನೆಯ ಹೆಂಚುಗಳ ಸಂದಿಯಿಂದ ಎದ್ದು, ಮಳೆಯ ಭಾರಕ್ಕೆ ಮೇಲೇರಲಾರದೆ, ತೋಟದ ಮೇಲೆಯೇ ಹರಡಿ ನಿಲ್ಲುವ ನೀಲಿ ಹೊಗೆ.

ಆ ಹೊಗೆಯ ಬುಡದಲ್ಲಿ ಒಂದು ತಾಮ್ರದ ಹಂಡೆ. ಅದರ ಕೆಳಗೆ ಹಸಿ ಕಟ್ಟಿಗೆ, ಅಡಿಕೆಯ ಸಿಪ್ಪೆ, ಸೋಗೆಯ ತುಂಡು. ಮಲೆನಾಡಿನವರಿಗೆ ಸ್ನಾನವೆಂದರೆ ಕೇವಲ ಮೈ ತೊಳೆಯುವುದಲ್ಲ. ಮಳೆಯಲ್ಲಿ ನೆನೆದು ಬಂದ ದೇಹಕ್ಕೆ ಅದೊಂದು ಚಿಕಿತ್ಸೆ. ಬಚ್ಚಲ ಬೆಂಕಿ ಆರಿದ ಮನೆ ಪಾಳುಬಿದ್ದ ಮನೆಯೆಂಬ ಭಾವನೆ ಅಲ್ಲಿ ಇಂದಿಗೂ ಉಂಟು.

ಆದರೆ ಆ ಬೆಂಕಿಯನ್ನು ಉರಿಸುವವರು ಯಾರು? ಹತ್ತು ಹದಿನೈದು ಮಂದಿಯಿದ್ದ ಕೂಡುಕುಟುಂಬಗಳು ಕರಗಿ, ಮಕ್ಕಳು ಬೆಂಗಳೂರು ಸೇರಿ, ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವವರು ಅಪ್ಪಯ್ಯ ಮತ್ತು ಆಯಿ ಇಬ್ಬರೇ. ಬೇಸಿಗೆಯಲ್ಲಿ ಕಟ್ಟಿಗೆ ಒಟ್ಟಬೇಕು, ಮಳೆಗಾಲಕ್ಕೆ ಮುಂಚೆ ಅದನ್ನು ಮಾಡಿನ ಕೆಳಗೆ ಸೇರಿಸಬೇಕು, ನಸುಕಿನಲ್ಲಿ ಎದ್ದು ಬಗ್ಗಿ ಊದಬೇಕು. ಎಪ್ಪತ್ತು ದಾಟಿದ ಶ್ವಾಸಕೋಶಕ್ಕೂ ಕಣ್ಣಿಗೂ ಇದು ಸಣ್ಣ ಶಿಕ್ಷೆಯಲ್ಲ. ದೂರದಲ್ಲಿರುವ ಮಗನೋ ಮಗಳೋ ರಜೆಗೆ ಬಂದಾಗ ಈ ಚಿಂತೆ ಮನೆಯ ಜಗುಲಿಯ ಮೇಲೆ ಚರ್ಚೆಗೆ ಬರುತ್ತದೆ. ಬಿಸಿನೀರಿಗೆ ಬೇರೆ ದಾರಿ ಏನು?

ದಾರಿಗಳು ಹಲವು ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಶಾಖ ಕೊಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ಒಲೆಗಳನ್ನು ರೂಪಿಸಿದರು. ‘ಅಸ್ತ್ರ ಒಲೆ’ ಎಂಬ ಹೆಸರು ಕನ್ನಡನಾಡಿನ ಹಳ್ಳಿಗಳಿಗೆ ಹೊಸದಲ್ಲ. ಆದರೆ ಅದಕ್ಕೂ ಕಟ್ಟಿಗೆ ಬೇಕು, ಬೆಂಕಿ ಹಚ್ಚುವ ಕೈ ಬೇಕು. ಸೌರಶಾಖದ ಹಂಡೆ ಬೇಸಿಗೆಯಲ್ಲಿ ಧಾರಾಳಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೂರ್ಯನೇ ಮುಸುಕು ಹೊದ್ದು ಮಲಗುವ ಸೀಮೆಯಲ್ಲಿ, ಅಂದರೆ ಬಿಸಿನೀರು ಅತ್ಯಗತ್ಯವಾದಾಗಲೇ, ಅದು ಕೈಕೊಡುತ್ತದೆ. ವಿದ್ಯುತ್ ಗೀಸರು ಕೊಳ್ಳುವಾಗ ಅಗ್ಗ, ಬಳಸುವಾಗ ದುಬಾರಿ. ಇವೆಲ್ಲದರ ನಡುವೆ ಈಗ ಮಾರುಕಟ್ಟೆಗೆ ಬಂದಿರುವ ಇನ್ನೊಂದು ಸಾಧನ ‘ಹೀಟ್ ಪಂಪ್’, ಶಾಖವನ್ನು ಎತ್ತುವ ಯಂತ್ರ.

ಶಾಖದ ಏತ

ಈ ಯಂತ್ರದ ತತ್ತ್ವವನ್ನು ತಿಳಿಯಲು ಗುಡ್ನಾಪುರದ ಕೆರೆಯ ಏರಿಯ ಮೇಲೆ ನಿಂತರೆ ಸಾಕು. ಕೆರೆಯ ನೀರು ತೂಬಿನಿಂದ ತಾನಾಗಿ ಗದ್ದೆಗೆ ಇಳಿಯುತ್ತದೆ; ಗದ್ದೆಯಿಂದ ಕೆರೆಗೆ ತಾನಾಗಿ ಏರುವುದಿಲ್ಲ. ತಗ್ಗಿನ ನೀರನ್ನು ಎತ್ತರಕ್ಕೆ ಒಯ್ಯಬೇಕಾದರೆ ಏತ ಬೇಕು. ಏತ ಹೊಡೆಯುವವನು ನೀರನ್ನು ಸೃಷ್ಟಿಸುವುದಿಲ್ಲ. ಇರುವ ನೀರನ್ನೇ ಎತ್ತಿ ಸುರಿಯುತ್ತಾನೆ. ಶಾಖದ ಸ್ವಭಾವವೂ ಹೀಗೆಯೇ. ಬಿಸಿಯಿಂದ ತಂಪಿನ ಕಡೆಗೆ ಅದು ತಾನಾಗಿ ಹರಿಯುತ್ತದೆ. ತಂಪಿನಿಂದ ಬಿಸಿಯ ಕಡೆಗೆ ಒಯ್ಯಲು ಯಂತ್ರದ ದುಡಿಮೆ ಬೇಕು. ಗೀಸರು ವಿದ್ಯುತ್ತನ್ನು ಸುಟ್ಟು ಶಾಖವನ್ನು ಹುಟ್ಟಿಸುತ್ತದೆ. ಹೀಟ್ ಪಂಪು ಗಾಳಿಯಲ್ಲಿ ಈಗಾಗಲೇ ಇರುವ ಶಾಖವನ್ನು ಎತ್ತಿ ನೀರಿಗೆ ತುಂಬುತ್ತದೆ.

ಇದು ಹೊಸ ಕನಸೂ ಅಲ್ಲ. ಗಾಳಿಯ ಪ್ರವಾಹದಿಂದ ಕಟ್ಟಡಗಳನ್ನು ಮಿತವ್ಯಯದಲ್ಲಿ ಬೆಚ್ಚಗೆ ಅಥವಾ ತಣ್ಣಗೆ ಮಾಡುವ ಬಗೆಯನ್ನು ಬ್ರಿಟಿಷ್ ವಿಜ್ಞಾನಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದವರು, 1852ರಲ್ಲಿಯೇ ವಿವರಿಸಿದ್ದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಹಳೆಯ ಪುರಭವನದಲ್ಲಿ ಕಟ್ಟಿಗೆಯ ಒಲೆಗಳನ್ನು ತೆಗೆದು, ಪಕ್ಕದಲ್ಲಿ ಹರಿಯುವ ಲಿಮ್ಮಾತ್ ನದಿಯ ತಣ್ಣೀರಿನಿಂದ ಶಾಖವನ್ನು ಎತ್ತಿಕೊಳ್ಳುವ ಯಂತ್ರವನ್ನು 1938ರ ವೇಳೆಗೆ ಕೂರಿಸಿದರು. ಅದು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದು 2001ರಲ್ಲಿ ನಿವೃತ್ತವಾಯಿತು. ಹಿಮ ಬೀಳುವ ನಾಡಿನ ನದಿಯಲ್ಲಿಯೇ ಅಷ್ಟು ಶಾಖವಿದ್ದರೆ, ಶ್ರಾವಣದಲ್ಲಿಯೂ ಇಪ್ಪತ್ತು ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿರುವ ಮಲೆನಾಡಿನ ಗಾಳಿ ಎಷ್ಟು ಶ್ರೀಮಂತ!

ನಮ್ಮ ಮನೆಗಳಲ್ಲಿ ಇದರ ಅಣ್ಣತಮ್ಮಂದಿರು ಆಗಲೇ ಇದ್ದಾರೆ. ಫ್ರಿಜ್ಜಿನ ಹಿಂಬದಿಯನ್ನು ಮುಟ್ಟಿದರೆ ಬೆಚ್ಚಗಿರುತ್ತದೆಯಷ್ಟೆ. ಒಳಗಿನ ಹಾಲು ಮೊಸರುಗಳ ಶಾಖವೇ ಅಲ್ಲಿ ಹೊರಬೀಳುತ್ತಿರುವುದು. ಹೀಟ್ ಪಂಪಿನೊಳಗೂ ಬಹು ಕಡಿಮೆ ಉಷ್ಣತೆಯಲ್ಲಿ ಕುದಿಯುವ ಒಂದು ದ್ರವ ಸುತ್ತುತ್ತದೆ. ತಂಪಾದ ಸುರುಳಿಯಲ್ಲಿ ಅದು ಗಾಳಿಯ ಶಾಖವನ್ನು ಹೀರಿ ಆವಿಯಾಗುತ್ತದೆ; ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ; ನೀರಿನ ಟ್ಯಾಂಕಿಗೆ ಸುತ್ತಿದ ಕೊಳವೆಯಲ್ಲಿ ಆ ಆವಿ ಮತ್ತೆ ದ್ರವವಾಗುತ್ತ ತನ್ನ ಶಾಖವನ್ನೆಲ್ಲ ನೀರಿಗೆ ಒಪ್ಪಿಸುತ್ತದೆ.

ಲೆಕ್ಕ ನೋಡೋಣ. ಇನ್ನೂರು ಲೀಟರು ನೀರನ್ನು 22 ಡಿಗ್ರಿಯಿಂದ 52 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್ ಶಾಖ ಬೇಕು. ಗೀಸರಿನಲ್ಲಿ ಅಷ್ಟನ್ನೂ ವಿದ್ಯುತ್ತೇ ಕೊಡಬೇಕು. ಒಂದಕ್ಕೆ ಮೂರರಷ್ಟು ಶಾಖ ಕೊಡುವ ಹೀಟ್ ಪಂಪಿನಲ್ಲಿ ಸುಮಾರು 2.3 ಯೂನಿಟ್ ಸಾಕು, ಉಳಿದ 4.7 ಯೂನಿಟ್ ಗಾಳಿಯ ದಾನ. ದಿನವೂ ಒಂದು ಟ್ಯಾಂಕು ಬಳಸಿದರೆ ತಿಂಗಳಿಗೆ 210 ಯೂನಿಟ್ಟಿನ ಜಾಗದಲ್ಲಿ 70 ಯೂನಿಟ್. ಯಂತ್ರದ ಬೆಲೆ ಸಾಮಾನ್ಯ ಗೀಸರಿನ ಹಲವು ಪಟ್ಟು ಎಂಬುದನ್ನೂ ಮರೆಯಬಾರದು. ನಾಲ್ಕಾರು ಮಂದಿ ಸ್ನಾನ ಮಾಡುವ ಮನೆಯಲ್ಲಿ ಆ ಹಣ ಬೇಗ ಹಿಂದಿರುಗುತ್ತದೆ. ಇಬ್ಬರೇ ಇರುವಲ್ಲಿ ಚಿಕ್ಕ ಟ್ಯಾಂಕನ್ನು ಆರಿಸುವುದು ಜಾಣತನ.

ಗಾಳಿಗೊಂದು ದಾರಿ

ಯಂತ್ರವನ್ನು ಅಂಗಡಿಯಿಂದ ತರುವುದು ಸುಲಭ. ಅದರ ಗಾಳಿಗೆ ದಾರಿ ಮಾಡುವುದೇ ನಿಜವಾದ ಕೆಲಸ. ಒಳ್ಳೆಯ ಯಂತ್ರ ಕೆಟ್ಟ ಹೆಸರು ಪಡೆಯುವುದು ಬಹುಮಟ್ಟಿಗೆ ಇಲ್ಲಿಯೇ. ಶಾಖವನ್ನು ಕಳೆದುಕೊಂಡು ತಣ್ಣಗಾದ ಗಾಳಿ ಯಂತ್ರದಿಂದ ಹೊರಬೀಳುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಯಂತ್ರವನ್ನಿಟ್ಟರೆ ತಾನು ಬಿಟ್ಟ ತಂಪನ್ನೇ ತಾನು ಮತ್ತೆ ಸೇದಿ, ಬತ್ತಿದ ಬಾವಿಯಲ್ಲಿ ಏತ ಹೊಡೆದಂತೆ ವೃಥಾ ದುಡಿಯುತ್ತದೆ. ಆದುದರಿಂದ ಒಳಬರುವ ಗಾಳಿಗೆ ಒಂದು ನಾಳ, ಹೊರಹೋಗುವ ಗಾಳಿಗೆ ಇನ್ನೊಂದು ನಾಳ ಬೇಕು. ಇವಕ್ಕೆ ‘ಡಕ್ಟ್’ ಎನ್ನುತ್ತಾರೆ. ಎರಡರ ಬಾಯಿಗಳು ಒಂದಕ್ಕೊಂದು ದೂರವಿರಬೇಕು.

ನಾಳ ಸಪೂರವಾದಷ್ಟೂ ಅಗ್ಗವೆಂಬುದು ಮೋಸದ ಲೆಕ್ಕ. ಅಷ್ಟೇ ಗಾಳಿಯನ್ನು ಅರ್ಧ ವ್ಯಾಸದ ನಾಳದಲ್ಲಿ ನೂಕಬೇಕಾದರೆ ಅಡ್ಡಿ ಸುಮಾರು ಮೂವತ್ತೆರಡು ಪಟ್ಟು ಹೆಚ್ಚುತ್ತದೆ. ತಯಾರಕರು ಹೇಳಿದ ವ್ಯಾಸಕ್ಕಿಂತ ಕಡಿಮೆ ಮಾಡಬಾರದು. ಅವರು ಹೇಳಿದ ಉದ್ದವನ್ನು ಮೀರಬಾರದು. ಪ್ರತಿಯೊಂದು ತಿರುವೂ ಕೆಲವು ಅಡಿ ನೇರ ನಾಳಕ್ಕೆ ಸಮನಾದ ಅಡ್ಡಿ. ಬಳುಕುವ ನಾಳವನ್ನು ಬಳಸಿದರೆ ಬಿಗಿಯಾಗಿ ಎಳೆದು, ನಾಲ್ಕೈದು ಅಡಿಗೊಂದು ಆಧಾರ ಕೊಟ್ಟು ಕಟ್ಟಬೇಕು. ಹೊಟ್ಟೆ ಜೋತುಬಿದ್ದ ನಾಳದಲ್ಲಿ ಗಾಳಿ ಮುಗ್ಗರಿಸುತ್ತದೆ, ನೀರು ನಿಲ್ಲುತ್ತದೆ. ಕೀಲುಗಳನ್ನು ಅಲ್ಯೂಮಿನಿಯಂ ಟೇಪಿನಿಂದಲೋ ಮೆತ್ತುವ ಅಂಟಿನಿಂದಲೋ ಮುಚ್ಚಬೇಕು. ಬಟ್ಟೆಯ ಟೇಪು ಎರಡು ಮಳೆಗಾಲಕ್ಕೆ ಕಳಚುತ್ತದೆ.

ಮಲೆನಾಡಿಗೆ ವಿಶೇಷವಾದ ಎಚ್ಚರಿಕೆ ತೇವದ್ದು. ತಣ್ಣನೆಯ ಗಾಳಿ ಹರಿಯುವ ನಾಳ ಬರಿಮೈಯಲ್ಲಿದ್ದರೆ, ತಂಪು ನೀರಿನ ತಂಬಿಗೆಯಂತೆ ಹೊರಮೈಯೆಲ್ಲ ಬೆವರುತ್ತದೆ. ಹನಿಗಳು ಅಟ್ಟದ ಹಲಗೆಗೆ ಇಳಿದು, ಮರ ಕಪ್ಪಾಗಿ, ಬೂಷ್ಟು ಹಿಡಿಯುತ್ತದೆ. ಆವಿ ಒಳನುಸುಳದಂಥ ರಬ್ಬರಿನ ಹೊದಿಕೆಯನ್ನು ಸಂದಿಲ್ಲದಂತೆ ಸುತ್ತುವುದೇ ಇದಕ್ಕೆ ಪರಿಹಾರ. ಯಂತ್ರದೊಳಗೆ ಗಾಳಿಯ ತೇವ ನೀರಾಗಿ ಇಳಿಯುವುದೂ ಸಹಜ. ಮೇಲಿನ ಲೆಕ್ಕದ 4.7 ಯೂನಿಟ್ಟಿನಲ್ಲಿ ಅರ್ಧ ತೇವದಿಂದಲೇ ಬಂದಿತೆಂದರೆ ಒಂದು ಟ್ಯಾಂಕಿಗೆ ಸುಮಾರು ಮೂರೂವರೆ ಲೀಟರು ನೀರು ಸೇರುತ್ತದೆ. ಅದಕ್ಕೆ ಇಳಿಜಾರಾದ ಕೊಳವೆ ಬೇಕು. ನಾಳಗಳ ಬಾಯಿಗೆ ಲೋಹದ ಬಲೆ ಹಾಕದಿದ್ದರೆ ಇಲಿ, ಬಾವಲಿ, ಕಣಜಗಳು ಹೊಸ ಮನೆಯ ಪ್ರವೇಶೋತ್ಸವ ನಡೆಸುತ್ತವೆ.

ಇಷ್ಟು ಶ್ರಮಕ್ಕೆ ಒಂದು ಬಹುಮಾನವೂ ಉಂಟು. ತೇವವನ್ನು ಕಳೆದುಕೊಂಡ ಗಾಳಿಯನ್ನು ನಾಳದ ಮೂಲಕ ಉಗ್ರಾಣಕ್ಕೆ ಬಿಟ್ಟರೆ, ಅಲ್ಲಿ ಅದು ಬೆಚ್ಚಗಾದಂತೆ ಒಣಗಾಳಿಯಾಗುತ್ತದೆ. ಹಪ್ಪಳ, ಮೆಣಸು, ಪುಸ್ತಕ, ರೇಷ್ಮೆ ಸೀರೆಗಳಿಗೆ ಬೂಷ್ಟಿನ ಕಾಟ ತಗ್ಗುತ್ತದೆ. ಮಾಗಿಯ ಚಳಿಯಲ್ಲಿ ಅದೇ ಗಾಳಿ ಬೇಡವಾದರೆ, ನಾಳದ ನಡುವೆ ಕೂರಿಸಿದ ಒಂದು ಕವಾಟವನ್ನು ತಿರುಗಿಸಿ ಹೊರಗೆ ಕಳುಹಿಸಬಹುದು. ಆದರೆ ದಿನಕ್ಕೆ ಮೂರು ನಾಲ್ಕು ಗಂಟೆ ಓಡುವ ಈ ಸಣ್ಣ ಯಂತ್ರದಿಂದ ಅಡಿಕೆ ಒಣಗಿಸುವ ಆಸೆ ಇಟ್ಟುಕೊಳ್ಳಬಾರದು.

ಮರೆಯಬಾರದ ಮಾತುಗಳು

ಕಟ್ಟಿಗೆಯ ಒಲೆ ಉರಿಯುವ ಅಡಿಗೆಮನೆಯಿಂದ ಎಂದಿಗೂ ಗಾಳಿಯನ್ನು ಸೇದಿಸಬಾರದು. ಯಂತ್ರದ ಪಂಖ ಕೋಣೆಯ ಗಾಳಿಯನ್ನು ಹೊರಗೆಳೆದಾಗ ಹೊಗೆಗೂಡಿನ ಹೊಗೆ ಹಿಂದಿರುಗಿ ಒಳಗೇ ತುಂಬಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ಪ್ರೊಪೇನ್ ತುಂಬಿದ ಹೊಸ ಬಗೆಯ ಯಂತ್ರಗಳು ವಾತಾವರಣಕ್ಕೆ ಹಿತವಾದರೂ ಆ ಅನಿಲ ಉರಿಯುವಂಥದು. ಅವುಗಳ ಸ್ಥಳವನ್ನು ತಜ್ಞರೇ ನಿರ್ಣಯಿಸಬೇಕು. ಗುಡುಗು ಮಿಂಚಿನ ಸೀಮೆಯಾದ್ದರಿಂದ ಒಳ್ಳೆಯ ಅರ್ಥಿಂಗು, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ವೋಲ್ಟೇಜು ಕಾಯುವ ಸಾಧನ ಇರಲೇಬೇಕು. ವಾರಕ್ಕೊಮ್ಮೆಯಾದರೂ ನೀರನ್ನು 60 ಡಿಗ್ರಿಗೆ ಏರಿಸಿದರೆ ಟ್ಯಾಂಕಿನಲ್ಲಿ ರೋಗಾಣುಗಳು ಬೆಳೆಯುವುದಿಲ್ಲ. ತಿಂಗಳಿಗೊಮ್ಮೆ ಗಾಳಿಯ ಸೋಸುಬಲೆಯನ್ನು ತೊಳೆಯುವುದು ಮನೆಯವರ ಪಾಲಿನ ಕೆಲಸ.

ದೊಡ್ಡ ಮಳೆಗೆ ಮರ ಉರುಳಿ ಎರಡು ದಿನ ವಿದ್ಯುತ್ ಹೋದರೆ? ದಪ್ಪ ಹೊದಿಕೆಯ ಟ್ಯಾಂಕಿನ ನೀರು ಮರುದಿನದ ಬೆಳಗಿನವರೆಗೆ ಬಿಸಿಯಾಗಿರುತ್ತದೆ. ಅದರಾಚೆಗೆ ಹಳೆಯ ಹಂಡೆಯೇ ಗತಿ. ಆದುದರಿಂದ ವಿವೇಕಿಗಳು ಬಚ್ಚಲ ಒಲೆಯನ್ನು ಒಡೆಯುವುದಿಲ್ಲ. ಅದರ ಮೇಲಿನ ಅಟ್ಟದಲ್ಲಿ ಮಳೆಗಾಲದ ಬಟ್ಟೆಗಳು ಒಣಗುತ್ತಿದ್ದವು. ಅದರ ಮುಂದೆ ಕುಳಿತು ಮೊಮ್ಮಕ್ಕಳು ಕಥೆ ಕೇಳುತ್ತಿದ್ದರು. ಆ ಸುಖವನ್ನು ಯಾವ ನಾಳದಲ್ಲಿಯೂ ಹರಿಸಿ ತರಲಾಗದು.

ಆದರೆ ಸುಖಕ್ಕಾಗಿ ಹಚ್ಚುವ ಬೆಂಕಿ ಬೇರೆ, ವಿಧಿಯಿಲ್ಲದೆ ಹಚ್ಚುವ ಬೆಂಕಿ ಬೇರೆ. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬಂದಾಗ ಹಂಡೆಯ ಕೆಳಗೆ ಉರಿ ಏಳಲಿ. ಉಳಿದ ದಿನಗಳ ನಸುಕಿನಲ್ಲಿ ಆಯಿ ಕೆಮ್ಮುತ್ತ ಊದುಕೊಳವೆ ಹಿಡಿಯುವುದು ತಪ್ಪಲಿ. ಕೆರೆಯ ಮೇಲಿಂದ ಬೀಸುವ ಒದ್ದೆ ಗಾಳಿಯಲ್ಲಿಯೇ ಅವರ ಸ್ನಾನಕ್ಕೆ ಬೇಕಾದ ಶಾಖ ಇದೆ. ಅದಕ್ಕೆ ಮನೆಯೊಳಕ್ಕೆ ಒಂದು ಸರಿಯಾದ ದಾರಿ ಮಾಡಿಕೊಡಬೇಕು, ಅಷ್ಟೆ.